ಗ್ರಿಪ್ ಇದೆಯಲ್ಲ! ಪುನರ್ವಸು ಮಳೆಯಲ್ಲಿ ಐದು ದಿನ, ಎರಡು ಬೈಕು

ಮೊದಲ ದಿನ, ಗುರುವಾರ: ಹಾಸನ, ಬೇಲೂರು, ಚಿಕ್ಕಮಗಳೂರು

ಮಳೆಗಾಲ ಮುಗಿಯಲಿ, ಆಮೇಲೆ ಹೋಗಿ ಅಂತ ಮನೆಯಲ್ಲಿ ಪ್ರತಿ ವರ್ಷ ಹೇಳುತ್ತಾರೆ. ನನಗೆ ಮಲೆನಾಡು ಬೇಕಾಗುವುದೇ ಮಳೆಗಾಲದಲ್ಲಿ. ಆರಿದ್ರಾ ಮಳೆ ಕಳೆದು ಪುನರ್ವಸು ಹಿಡಿದಿತ್ತು. 2025ರ ಜುಲೈ 10. ಬೆಂಗಳೂರಿನಿಂದ ಭಾವ ಹಿಂದಿನ ರಾತ್ರಿಯೇ ತಮ್ಮ ರಾಯಲ್ ಎನ್‌ಫೀಲ್ಡ್ ಬೈಕು ಮೀಟಿಯರ್ 350 ಓಡಿಸಿಕೊಂಡು ಹಾಸನದ ನಮ್ಮ ಮನೆಗೆ ಬಂದಿದ್ದರು. ನನ್ನದು ಕ್ಲಾಸಿಕ್ 350. ಬ್ಯಾಗು ಕಟ್ಟಿ ಆಗಿತ್ತು, ರೇನ್‌ಕೋಟು ಹೊರಗಿತ್ತು. ಆದರೆ ಹೊರಡುವ ಮೊದಲು ಬಿ.ಎಂ. ರಸ್ತೆಯ ಟೈರ್ ಅಂಗಡಿಯಲ್ಲಿ ಒಂದು ಕೆಲಸ ಬಾಕಿ ಇತ್ತು.

ದಿನಾ ನಾನು ಹಾಸನದಿಂದ ಆಲೂರಿಗೆ ಕೆಲಸಕ್ಕೆ ಹೋಗಿಬರುತ್ತೇನೆ. ಹೆದ್ದಾರಿ, ತಿರುವು ಕಮ್ಮಿ. ಮೂರು ವರ್ಷದಲ್ಲಿ ಹಿಂದಿನ ಟೈರು 17,000 ಕಿಲೋಮೀಟರ್ ಓಡಿತ್ತು. ಪಕ್ಕದಿಂದ ನೋಡಿದರೆ ಟೈರಿನ ಮೈಯಲ್ಲಿ ಕೊರೆದ ಗೀರುಗಳು ಚೆನ್ನಾಗಿಯೇ ಕಾಣುತ್ತವೆ. ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ನೋಡಿದರೆ ನಡುಭಾಗ ರೊಟ್ಟಿ ಹಂಚಿನಂತೆ ಚಪ್ಪಟೆ. ನೇರ ರಸ್ತೆಯಲ್ಲಿ ಓಡಿದ ಟೈರಿನ ಗತಿಯೇ ಇದು. ದುಂಡಗಿರಬೇಕಾದದ್ದು ಚೌಕಾಗುತ್ತದೆ. ಚಪ್ಪಟೆ ಭಾಗದ ಅಂಚಿನಲ್ಲಿ ಒಂದು ಏಣು ಹುಟ್ಟುತ್ತದೆ. ತಿರುವಿನಲ್ಲಿ ಬೈಕು ವಾಲಿಸಿದಾಗ ಆ ಏಣಿನ ಮೇಲೆ ಹತ್ತಿ ಒಮ್ಮೆಲೇ ಆ ಕಡೆ ಬಿದ್ದ ಹಾಗೆ ಅನಿಸುತ್ತದೆ. ಹೆದ್ದಾರಿಯಲ್ಲಿ ಗೊತ್ತಾಗದ ಈ ದೋಷ ಘಾಟಿಯ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ.

ಅಂಗಡಿಯವರು ನನಗೆ ಹಳಬರು. ನಾನು ಹೋದ ಕೂಡಲೇ ಎಷ್ಟು ಬಾಳಿಕೆ ಬರುತ್ತೆ ಅಂತ ಕೇಳಿದೆ. ಅವರು ಟೈರು ತೋರಿಸಲೇ ಇಲ್ಲ.

"ಎಷ್ಟು ಕಿಲೋಮೀಟರ್ ಅಂತ ಆಮೇಲೆ ಕೇಳಿ ಸರ್. ಎಲ್ಲಿ ಓಡಿಸ್ತೀರ, ಯಾವಾಗ ಓಡಿಸ್ತೀರ, ಹಿಂದೆ ಯಾರು ಕೂರ್ತಾರೆ, ಅದನ್ನ ಮೊದ್ಲು ಹೇಳಿ."

ಹೇಳಿದೆ. ಅವರು ಮೂರು ಟೈರು ತಂದು ನೆಲದ ಮೇಲೆ ಮಲಗಿಸಿದರು. ಒಂದು, ದಪ್ಪ ದಪ್ಪ ಗಟ್ಟಿಗಳಿರುವ, ಗಡುಸು ರಬ್ಬರಿನ ಟೈರು. ಬಾಳಿಕೆ ಬೇಕೆನ್ನುವವರಿಗೆ. ಇನ್ನೊಂದರಲ್ಲಿ ನಡುವಿನಿಂದ ಅಂಚಿನವರೆಗೆ ಓರೆಯಾಗಿ ಹರಿದ ಗೀರುಗಳು, ಡಾಂಬರು ರಸ್ತೆಯ ದೂರದ ಓಡಾಟಕ್ಕೆ. ಮೂರನೆಯದು ಎದ್ದ ಗುಂಡಿಗಳ ಟೈರು, ನಮ್ಮ ಹುಡುಗರು ಬಟನ್ ಟೈರ್ ಅನ್ನುತ್ತಾರಲ್ಲ, ಅದು. ನೋಡುವುದಕ್ಕೆ ಗಂಭೀರವಾಗಿರುತ್ತದೆ, ಎಸ್ಟೇಟಿನ ಮಣ್ಣುದಾರಿಗೆ ಅದೇ ಸರಿ. ಆದರೆ ಒದ್ದೆ ಡಾಂಬರಿನ ಮೇಲೆ ನೆಲಕ್ಕೆ ತಾಗುವುದು ಗುಂಡಿಗಳ ತಲೆ ಮಾತ್ರ, ನಡುವಿನ ಜಾಗವೆಲ್ಲ ಖಾಲಿ. ಡಾಂಬರಿನ ಮೇಲೆ ಬೇಗ ಸವೆಯುವುದೂ ಅದೇ. ಫೋಟೋ ಚೆನ್ನಾಗಿ ಬರುತ್ತದೆ ಅಂತ ಅದನ್ನು ಹಾಕಿಸಿಕೊಂಡು ಘಾಟಿಗೆ ಬರುವ ಹುಡುಗರನ್ನು ಕಂಡಾಗಲೆಲ್ಲ ನನಗೆ ಕಳವಳವಾಗುತ್ತದೆ.

ರಬ್ಬರು ರಸ್ತೆಯನ್ನು ಹೇಗೆ ಹಿಡಿಯುತ್ತದೆ ಅನ್ನುವುದು ಗೊತ್ತಾದರೆ ಆಯ್ಕೆ ಅರ್ಧ ಮುಗಿದ ಹಾಗೆ. ಡಾಂಬರು ದೂರದಿಂದ ನಯವಾಗಿ ಕಂಡರೂ ಹತ್ತಿರದಲ್ಲಿ ಬೀಸುವ ಕಲ್ಲಿನ ಹಾಗೆ ಹಲ್ಲು ಹಲ್ಲಾಗಿರುತ್ತದೆ. ಮೆತ್ತನೆ ರಬ್ಬರು ಆ ಹಲ್ಲುಗಳ ನಡುವೆ ಇಳಿದು ಅಂಟಿಕೊಳ್ಳುತ್ತದೆ. ಗಡುಸು ರಬ್ಬರು ಹಲ್ಲುಗಳ ತುದಿಯ ಮೇಲೆಯೇ ಉಳಿಯುತ್ತದೆ. ಇಳಿದದ್ದು ಉಜ್ಜಿಕೊಂಡು ಬೇಗ ಸವೆಯುತ್ತದೆ, ಮೇಲೇ ಉಳಿದದ್ದು ಬಾಳುತ್ತದೆ. ಹಿಡಿತಕ್ಕೂ ಬಾಳಿಕೆಗೂ ಇರುವ ಜಗಳ ಇದೇ. ಜೊತೆಗೆ, ರಬ್ಬರು ಬಿಸಿಯಾದಾಗ ಮೆತ್ತಗಾಗುತ್ತದೆ. ಬಯಲುಸೀಮೆಯ ಬಿಸಿಲಲ್ಲಿ ಗಡುಸು ಟೈರೂ ಬಿಸಿಯಾಗಿ ಚೆನ್ನಾಗಿ ಹಿಡಿಯಬಹುದು. ಜುಲೈ ತಿಂಗಳ ಚಳಿಮಳೆಯಲ್ಲಿ, 30-40ರ ವೇಗದಲ್ಲಿ ಗಿರಿ ಹತ್ತುವಾಗ ಅದು ಬಿಸಿಯಾಗುವುದೇ ಇಲ್ಲ. ರಬ್ಬರಿಗೆ ಇಂಗಾಲದ ಕಪ್ಪಿನ ಜೊತೆ ಸಿಲಿಕಾ ಬೆರೆಸುವುದು ಈ ಕಾರಣಕ್ಕೇ. ಒದ್ದೆ ನೆಲದ ಮೇಲೆ ಅದು ಚೆನ್ನಾಗಿ ಹಿಡಿಯುತ್ತದೆ. ಕೆಲವು ಟೈರುಗಳಲ್ಲಿ ನಡುಭಾಗಕ್ಕೆ ಗಡುಸು, ಎರಡೂ ಅಂಚಿಗೆ ಮೆತ್ತನೆ ಹೀಗೆ ಎರಡು ಬಗೆಯ ರಬ್ಬರು ಹಾಕಿರುತ್ತಾರೆ. ನೇರ ದಾರಿಯಲ್ಲಿ ಬಾಳಿಕೆ, ತಿರುವಿನಲ್ಲಿ ಹಿಡಿತ.

ನಾನು ಮೂರರಲ್ಲಿ ಎರಡನೆಯದನ್ನು, ಓರೆ ಗೀರುಗಳ ಮೆತ್ತನೆ ಟೈರನ್ನು ಆರಿಸಿದೆ. ಬಾಳಿಕೆ ಕಮ್ಮಿ ಅಂತ ಭಾವ ಎಚ್ಚರಿಸಿದರು. ಅಂಗಡಿಯವರ ಕ್ಯಾಲ್ಕುಲೇಟರ್ ತೆಗೆದುಕೊಂಡು ಲೆಕ್ಕ ಹಾಕಿದೆ. ಹಿಂದಿನ ಟೈರಿಗೆ 3,600 ರೂಪಾಯಿ ಅಂದುಕೊಳ್ಳೋಣ. 18,000 ಕಿಲೋಮೀಟರ್ ಬಂದರೆ ಕಿಲೋಮೀಟರಿಗೆ 20 ಪೈಸೆ. 12,000 ಮಾತ್ರ ಬಂದರೆ 30 ಪೈಸೆ. ವ್ಯತ್ಯಾಸ 10 ಪೈಸೆ. 12,000 ಕಿಲೋಮೀಟರಿಗೆ 1,200 ರೂಪಾಯಿ. ವರ್ಷಕ್ಕೆ 6,000 ಓಡಿಸುವ ನನಗೆ ತಿಂಗಳಿಗೆ 50 ರೂಪಾಯಿ. ಬೈಕು ಒಮ್ಮೆ ಮಗುಚಿದರೆ ಇಂಡಿಕೇಟರು, ಲಿವರು, ಕನ್ನಡಿ ಸೇರಿ ಅದಕ್ಕಿಂತ ಜಾಸ್ತಿ. ಕೈಕಾಲಿನ ಲೆಕ್ಕ ಇದರಲ್ಲಿ ಸೇರಿಲ್ಲ.

ಕಂಪನಿಯ ಹೆಸರು ಕೇಳುವವರಿಗೆ: ಎಂಆರ್‌ಎಫ್, ಸಿಯೆಟ್, ಟಿವಿಎಸ್ ಯೂರೋಗ್ರಿಪ್, ಮಿಶೆಲಿನ್ ಎಲ್ಲವೂ ನಮ್ಮ ಊರಲ್ಲಿ ಸಿಗುತ್ತವೆ. ಒಂದೊಂದು ಕಂಪನಿಯೂ ಗಡುಸಿನದ್ದು ಒಂದು, ಮೆತ್ತನೆಯದ್ದು ಒಂದು ಮಾಡುತ್ತದೆ. ಹಾಗಾಗಿ ಕಂಪನಿ ನೋಡಿ ಕೊಳ್ಳುವುದಕ್ಕಿಂತ ಟೈರು ನೋಡಿ ಕೊಳ್ಳುವುದು ಮೇಲು. 1946ರಲ್ಲಿ ಮದ್ರಾಸಿನಲ್ಲಿ ಮಕ್ಕಳ ಬಲೂನು ಮಾಡುತ್ತಾ ಶುರುವಾದದ್ದು ಎಂಆರ್‌ಎಫ್ ಅನ್ನುವುದು ನೆನಪಾದಾಗಲೆಲ್ಲ ನನಗೆ ಖುಷಿ. ಬಲೂನಿನಿಂದ ಟೈರಿನವರೆಗೆ ಎಲ್ಲವೂ ರಬ್ಬರು, ಎಲ್ಲವೂ ಗಾಳಿ.

ಟೈರಿನ ಪಕ್ಕದಲ್ಲಿ 120/80-18, 62ಪಿ ಎಂದಿತ್ತು. ಅಗಲ 120 ಮಿಲಿಮೀಟರ್. ಎತ್ತರ ಅದರ ನೂರಕ್ಕೆ 80ರಷ್ಟು. ರಿಮ್ಮು 18 ಇಂಚು. 62 ಎಂದರೆ ಆ ಒಂದು ಟೈರು 265 ಕಿಲೋ ಹೊರಬಲ್ಲದು, ಪಿ ಎಂದರೆ 150 ಕಿಲೋಮೀಟರ್ ವೇಗದವರೆಗೆ. ಮುಂದಿನದು 100/90-19, 57ಪಿ, 230 ಕಿಲೋ. ಇವೆಲ್ಲ ದೊಡ್ಡ ಅಕ್ಷರದಲ್ಲಿರುತ್ತವೆ. ಎಲ್ಲರೂ ನೋಡದೇ ಬಿಡುವುದು ಅಂಡಾಕಾರದ ಚೌಕಟ್ಟಿನೊಳಗಿನ ನಾಲ್ಕು ಅಂಕಿ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಅವರು ಮೊದಲು ತಂದ ಟೈರಿನಲ್ಲಿ 3222 ಇತ್ತು, 2022ರ 32ನೇ ವಾರ. ಬೇಡ ಎಂದೆ. ಒಳಗಿನಿಂದ 0925 ತಂದರು.

ಟೈರು ಜೊತೆಗೆ ಟ್ಯೂಬೂ ಹೊಸದು. ನನ್ನದು ಕಡ್ಡಿ ಚಕ್ರ, ಟ್ಯೂಬು ಬೇಕೇ ಬೇಕು. ಹಳೆ ಟ್ಯೂಬು ಹಿಗ್ಗಿರುತ್ತದೆ, ಹೊಸ ಟೈರಿನೊಳಗೆ ಮಡಿಕೆ ಬಿದ್ದು ಅಲ್ಲೇ ಸೀಳುತ್ತದೆ. ಹುಡುಗ ಸೋಪಿನ ನೀರು ಸವರಿ, ಹಳದಿ ಚುಕ್ಕೆಯನ್ನು ವಾಲ್ವಿನ ಹತ್ತಿರ ತಂದು, ಬಾಣದ ಗುರುತು ಓಡುವ ದಿಕ್ಕಿಗೆ ಇದೆಯಾ ಅಂತ ಎರಡು ಸಲ ನೋಡಿ ಕೂರಿಸಿದ. ಹಳದಿ ಚುಕ್ಕೆ ಟೈರಿನ ಹಗುರ ಜಾಗ. ವಾಲ್ವಿನ ಭಾರ ಅಲ್ಲಿಗೆ ಬಂದರೆ ಚಕ್ರ ಸಮತೂಕಕ್ಕೆ ಹತ್ತಿರವಾಗುತ್ತದೆ. ಇಷ್ಟು ಶ್ರದ್ಧೆಯಿಂದ ಕೆಲಸ ಮಾಡುವ ಹುಡುಗರನ್ನು ಕಂಡರೆ ಕೈಮುಗಿಯಬೇಕು ಅನಿಸುತ್ತದೆ.

ಭಾವನ ಟೈರುಗಳನ್ನೂ ನೋಡಿ ಅಂದೆ. ಅಂಗಡಿಯವರು ಬಗ್ಗುವ ಮೊದಲೇ ಭಾವ ಹೇಳಿದರು, "ನಂದು ಇನ್ನೂ 11,000 ಓಡಿಲ್ಲ. ಗ್ರಿಪ್ ಇದೆಯಲ್ಲೋ, ನೋಡು!" ಹೌದು, ಗೀರುಗಳಿಗೆ ಬೆರಳ ತುದಿ ಇಳಿಯುವಷ್ಟು ಆಳ ಇತ್ತು. ಅಂಗಡಿಯವರು ಟೈರಿನ ಮೇಲೆ ಅಂಗೈ ಆಡಿಸಿ, ಏನೂ ಹೇಳದೆ ನನ್ನ ಮುಖ ನೋಡಿದರು. ಅಕ್ಕನ ಗಂಡ, ನನಗಿಂತ ಹತ್ತು ವರ್ಷ ದೊಡ್ಡವರು. ನಾನೂ ಸುಮ್ಮನಾದೆ.

ಹೊಸ ಟೈರಿನ ಮೈ ಜಾರು. ಅಚ್ಚಿನಿಂದ ಸಲೀಸಾಗಿ ಬಿಡಲು ಸವರಿದ ಅಂಶವೂ ಇರುತ್ತದೆ, ಮೇಲ್ಮೈಯೂ ಹೊಳಪಾಗಿರುತ್ತದೆ. ಸುಮಾರು 150 ಕಿಲೋಮೀಟರ್ ಮೆಲ್ಲಗೆ ಓಡಿಸಿ, ವಾಲುವುದನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು. ಬೇಲೂರಿಗೆ 40 ಕಿಲೋಮೀಟರ್ ಹಾಗೇ ಹೋದೆವು. ಚೆನ್ನಕೇಶವನ ಗುಡಿಯೊಳಗೆ ಹೋಗಿ ಅರ್ಧ ಗಂಟೆ ಕೂತೆವು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಆ ಗುಡಿಯ ಅಂಗಳದ ಕಲ್ಲುಹಾಸು ಮಳೆಗೆ ನೆಂದು ಕನ್ನಡಿಯಾಗಿತ್ತು. ಬರಿಗಾಲಲ್ಲೂ ಜಾರುತ್ತದೆ. ಎಲ್ಲರೂ ಪಾದವನ್ನು ಪೂರ್ತಿ ಊರಿ, ಹೆಜ್ಜೆ ಚಿಕ್ಕದು ಮಾಡಿ, ತಾನಾಗಿಯೇ ಹುಷಾರಾಗಿ ನಡೆಯುತ್ತಿದ್ದರು. ಒದ್ದೆ ರಸ್ತೆಯಲ್ಲಿ ಬೈಕು ಓಡಿಸುವ ಕ್ರಮವೂ ಅದೇ.

ಸಂಜೆಗೆ ಚಿಕ್ಕಮಗಳೂರು. ಐ.ಜಿ. ರಸ್ತೆಯ ಹತ್ತಿರ ರೂಮು. ಬಿಸಿ ಅಕ್ಕಿರೊಟ್ಟಿ, ಕಳಲೆ ಪಲ್ಯ, ನಿದ್ದೆ.

ಎರಡನೇ ದಿನ, ಶುಕ್ರವಾರ: ಗಿರಿ

ಬೆಳಿಗ್ಗೆ ಗಾಡಿ ತಣ್ಣಗಿರುವಾಗಲೇ ಪೆಟ್ರೋಲ್ ಬಂಕಿನಲ್ಲಿ ಗಾಳಿ ನೋಡಿಸಿದೆವು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಏರಿರುತ್ತದೆ, ಆಗ ಅಳೆದರೆ ಲೆಕ್ಕ ತಪ್ಪು. ಭಾವ ಗಾಳಿ ಸ್ವಲ್ಪ ಇಳಿಸು ಎಂದರು, ಮಳೆಯಲ್ಲಿ ಚೆನ್ನಾಗಿ ಹಿಡಿಯುತ್ತದಂತೆ. ಇದನ್ನು ನಂಬುವವರು ಬಹಳ ಜನ. ಕೆಸರಿನಲ್ಲಿ, ಮರಳಿನಲ್ಲಿ ಸರಿ. ಡಾಂಬರಿನಲ್ಲಿ ಗಾಳಿ ಇಳಿಸಿದರೆ ಟೈರಿನ ನಡುಭಾಗ ಒಳಕ್ಕೆ ಕುಗ್ಗಿ ಗೀರುಗಳು ಮುಚ್ಚಿಕೊಳ್ಳುತ್ತವೆ. ನೀರು ಹೊರಹೋಗಲು ಇದ್ದ ಕಾಲುವೆಯೇ ಮುಚ್ಚಿದಂತೆ. ಗೀರುಗಳಿರುವುದು ಹಿಡಿಯುವುದಕ್ಕಲ್ಲ, ನೀರು ಹರಿಸುವುದಕ್ಕೆ. ಹಿಡಿಯುವುದು ಗೀರುಗಳ ನಡುವಿನ ರಬ್ಬರು. ಒಣ ಟ್ರ್ಯಾಕಿನ ರೇಸಿನ ಬೈಕುಗಳಿಗೆ ಗೀರೇ ಇಲ್ಲದ ಟೈರು ಹಾಕುವುದು ಅದಕ್ಕೇ. ಕಂಪನಿಯ ಪುಸ್ತಕದಲ್ಲಿ ಬರೆದಷ್ಟೇ ಗಾಳಿ ಹಾಕಿಸಿದೆವು.

ಕೈಮರದ ಚೆಕ್‌ಪೋಸ್ಟ್ ದಾಟಿದ ಮೇಲೆ ಮೋಡದೊಳಗೇ ಪ್ರಯಾಣ. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರದ್ದು, ನಮ್ಮ ರಾಜ್ಯದಲ್ಲೇ ಎತ್ತರದ್ದು. ಆದರೆ ಅವತ್ತು ನಮಗೆ ಅದು ಇದೆ ಎಂದು ನಂಬಬೇಕಿತ್ತು ಅಷ್ಟೆ. ಆ ಕಡೆ ತಿರುಗದೆ ಬಾಬಾಬುಡನ್‌ಗಿರಿಯ ದಾರಿ ಹಿಡಿದೆವು. ರಸ್ತೆ ಕಿರಿದು, ಒಂದು ಕಡೆ ಬೆಟ್ಟದ ಗೋಡೆ, ಇನ್ನೊಂದು ಕಡೆ ಬಿಳಿ ಶೂನ್ಯ. ಹೊನ್ನಮ್ಮನಹಳ್ಳದ ನೀರು ರಸ್ತೆಯ ಪಕ್ಕಕ್ಕೇ ಬಂದು ಧುಮುಕುತ್ತಿತ್ತು. ಬಾಬಾಬುಡನ್ ಯೆಮನ್ನಿನಿಂದ ಏಳು ಕಾಫಿ ಬೀಜ ತಂದು ಬಿತ್ತಿದರೆಂದು ಹೇಳುವ ಗಿರಿ ಇದು. ಅತ್ತಿಗುಂಡಿಯಲ್ಲಿ ಚಳಿಗೆ ನಡುಗುತ್ತಾ ಕುಡಿದ ಕಾಫಿಗೆ ಆ ಕಥೆಯ ರುಚಿಯೂ ಸೇರಿತ್ತು.

ಹತ್ತುವಾಗ ನನ್ನ ಹಿಂದಿನ ಚಕ್ರ ಒಂದೆರಡು ಸಲ ಕೂದಲೆಳೆಯಷ್ಟು ಸರಿದು ಮತ್ತೆ ಹಿಡಿಯಿತು. ಈ 'ಸರಿದು ಹಿಡಿಯುವುದು' ಒಳ್ಳೆಯ ಟೈರಿನ ಮಾತು. ಇನ್ನು ಸಾಕು ಅಂತ ಮೊದಲೇ ಹೇಳುತ್ತದೆ. ಕೆಟ್ಟ ಟೈರು ಹೇಳದೆ ಬಿಡುತ್ತದೆ.

ಬಿದ್ದದ್ದು ಇಳಿಯುವಾಗ. ಅತ್ತಿಗುಂಡಿಯಿಂದ ಕೆಳಗೆ, ಸಿಲ್ವರ್ ಮರಗಳ ನೆರಳಿನ ಎಡ ತಿರುವು. ರಸ್ತೆಯ ಅಂಚಲ್ಲಿ ಪಾಚಿ, ನಡುವೆ ನೆಂದ ಎಲೆ. ನಾನು ಮುಂದಿದ್ದೆ, ಎಲೆ ತಪ್ಪಿಸಿ ಚಕ್ರದ ಜಾಡಿನಲ್ಲಿ ನಿಧಾನ ಇಳಿದೆ. ಹಿಂದಿನಿಂದ ಲೋಹ ಉಜ್ಜಿದ ಸದ್ದು. ನಿಲ್ಲಿಸಿ ತಿರುಗಿದರೆ ಮೀಟಿಯರ್ ಎಡಕ್ಕೆ ಮಲಗಿ ಎರಡು ಮಾರು ಜಾರಿ ನಿಂತಿತ್ತು. ಭಾವ ರಸ್ತೆಯ ಮೇಲೆ ಕೂತಿದ್ದರು. ವೇಗ ಇಪ್ಪತ್ತೂ ಇದ್ದಿರಲಿಕ್ಕಿಲ್ಲ. ಮೊಣಕೈ ತರಚಿತ್ತು, ಕ್ರ್ಯಾಶ್ ಗಾರ್ಡು ಪೆಟ್ಟು ತಿಂದಿತ್ತು, ಗೇರಿನ ಲಿವರು ಬಾಗಿತ್ತು. ನನ್ನ ಕೈಯೇ ನಡುಗುತ್ತಿತ್ತು. ಒಂದು ಜೀಪಿನವರು ನಿಲ್ಲಿಸಿ ಗಾಡಿ ಎತ್ತಲು ಕೈಕೊಟ್ಟು, ಅರಿಶಿನ ಇದ್ರೆ ಹಚ್ಚಿ ಅಂತ ಹೇಳಿ ಹೋದರು.

"ಬ್ರೇಕ್ ಮುಟ್ಟಿದ್ದಷ್ಟೇ ಕಣೋ. ಮುಂದಿನ ಚಕ್ರ ಕಾಲ ಕೆಳಗಿನಿಂದ ಹೋಗೇಬಿಡ್ತು" ಅಂದರು ಭಾವ.

ತಿರುವಿನ ನಡುವೆ ಮುಂದಿನ ಬ್ರೇಕು ಹಿಡಿದದ್ದೂ ತಪ್ಪೇ, ಅದನ್ನು ಅವರೂ ಒಪ್ಪಿದರು. ಪಾಚಿಯ ಮೇಲೆ ಯಾವ ಟೈರೂ ನಿಲ್ಲುವುದಿಲ್ಲ ಅನ್ನುವುದೂ ನಿಜ. ಆದರೆ ಅವರು ಜಾರಿದ ಗುರುತು ಪಾಚಿಯ ಮೇಲಿರಲಿಲ್ಲ, ಬರೀ ಒದ್ದೆ ಡಾಂಬರಿನ ಮೇಲಿತ್ತು. ಆಗ ನಾನು ಅವರ ಟೈರಿನ ಮುಂದೆ ಕೂತೆ. ಹೆಬ್ಬೆರಳ ಉಗುರನ್ನು ರಬ್ಬರಿಗೆ ಒತ್ತಿದೆ. ನನ್ನ ಟೈರಿನಲ್ಲಿ ಉಗುರಿನ ಗುರುತು ಬಿದ್ದು ನಿಧಾನವಾಗಿ ಮಾಯವಾಗುತ್ತಿತ್ತು. ಅವರದ್ದರಲ್ಲಿ ಗುರುತೇ ಬೀಳಲಿಲ್ಲ. ಹಳೇ ಚಪ್ಪಲಿಯ ಅಟ್ಟೆ ಒತ್ತಿದ ಹಾಗೆ. ಗೀರಿನ ಬುಡದಲ್ಲಿ ಕೂದಲಿನಂಥ ಬಿರುಕು. ಪಕ್ಕದಲ್ಲಿ ನಾಲ್ಕು ಅಂಕಿ: 4720. 2020ರ ನವೆಂಬರ್. ನಾಲ್ಕೂವರೆ ವರ್ಷ, ಅದರಲ್ಲಿ ಹೆಚ್ಚಿನದು ಬೆಂಗಳೂರಿನ ಅಪಾರ್ಟ್‌ಮೆಂಟಿನ ತೆರೆದ ಪಾರ್ಕಿಂಗಿನಲ್ಲಿ, ಬಿಸಿಲಲ್ಲಿ ನಿಂತೇ ಕಳೆದದ್ದು. ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಬಿಸಿಲು, ಗಾಳಿಯ ಆಮ್ಲಜನಕ, ಓಝೋನು ಸೇರಿ ಅದನ್ನು ಗಡುಸು ಮಾಡುತ್ತವೆ, ಮೆತ್ತಗಿಡುವ ಎಣ್ಣೆಯಂಶ ಹೊರಟುಹೋಗುತ್ತದೆ. ದಿನಾ ಓಡಿದ್ದರೆ ಇಷ್ಟರೊಳಗೆ ಸವೆದು, ಬದಲಾಯಿಸಲೇಬೇಕಾಗುತ್ತಿತ್ತು. ಕಮ್ಮಿ ಓಡಿಸಿದ್ದರಿಂದಲೇ ಗೀರು ಉಳಿದು ಮೋಸ ಮಾಡಿತು.

ನಮ್ಮ ಮಾತಿನಲ್ಲೇ ಒಂದು ಗೊಂದಲ ಇದೆ ಅಂತ ಆಗ ಹೊಳೆಯಿತು. ಟೈರಿನ ಗೀರಿಗೂ ನಾವು 'ಗ್ರಿಪ್' ಅನ್ನುತ್ತೇವೆ, ರಸ್ತೆ ಹಿಡಿಯುವ ಗುಣಕ್ಕೂ 'ಗ್ರಿಪ್' ಅನ್ನುತ್ತೇವೆ. ಗ್ರಿಪ್ ಸವೆದಿದೆ, ಗ್ರಿಪ್ ಇನ್ನೂ ಇದೆ ಅಂತ ಪಂಕ್ಚರ್ ಅಂಗಡಿಯಿಂದ ಶೋರೂಮಿನವರೆಗೆ ಎಲ್ಲರದೂ ಒಂದೇ ಮಾತು. ಎರಡಕ್ಕೂ ಒಂದೇ ಹೆಸರಿಟ್ಟ ಮೇಲೆ ಎರಡೂ ಒಂದೇ ಅಂತ ಮನಸ್ಸು ನಂಬುತ್ತದೆ. ಭಾವನ ಟೈರಿನಲ್ಲಿ ಗ್ರಿಪ್ ಇತ್ತು, ಹಿಡಿತ ಇರಲಿಲ್ಲ. ಹಾಸನದ ಅಂಗಡಿಯವರು ನನ್ನ ಮುಖ ನೋಡಿದಾಗಲೇ ನಾನು ಬಾಯಿ ಬಿಡಬೇಕಿತ್ತು. ಮುಲಾಜು ನೋಡಿದ್ದು ನನ್ನ ತಪ್ಪು. ಇವತ್ತಿಗೂ ಆ ಸಂಕಟ ಹೋಗಿಲ್ಲ.

ಉಳಿದ ದಾರಿಯನ್ನು ಮೊದಲ ಎರಡು ಗೇರಿನಲ್ಲೇ ಇಳಿದೆವು. ರಾತ್ರಿ ಅಕ್ಕ ಫೋನ್ ಮಾಡಿದಾಗ ಭಾವ ಮಳೆಯ ವಿಷಯ ಮಾತ್ರ ಮಾತಾಡಿದರು.

ಮೂರನೇ ದಿನ, ಶನಿವಾರ: ಟೈರು ಹುಡುಕಿ, ಕೊಟ್ಟಿಗೆಹಾರಕ್ಕೆ

ಬೆಳಿಗ್ಗೆ ಮೊದಲು ಬಾಗಿದ ಲಿವರು ನೆಟ್ಟಗೆ ಮಾಡಿಸಿದೆವು. ಆಮೇಲೆ ಟೈರು. ಮೀಟಿಯರಿನ ಮುಂದಿನ ಚಕ್ರಕ್ಕೆ ನನ್ನದೇ ಅಳತೆ, 100/90-19. ಎಲ್ಲ ಕಡೆ ಸಿಕ್ಕಿತು. ಹಿಂದಿನದು 140/70-17, ಅದಕ್ಕೆ ಅಲೆದಾಟ. ಒಂದು ಅಂಗಡಿಯಲ್ಲಿ ಇತ್ತು, ಆದರೆ 2022ರದ್ದು. ಗೋಡೌನಿನಲ್ಲಿ ನೆರಳಲ್ಲಿಟ್ಟ ಟೈರು ಬಿಸಿಲಲ್ಲಿ ನಿಂತ ಟೈರಿನಷ್ಟು ಬೇಗ ಹಾಳಾಗುವುದಿಲ್ಲ, ನಿಜ. ಆದರೂ ವರ್ಷಕ್ಕೆ ಎರಡು ಮೂರು ಸಾವಿರ ಓಡಿಸುವ ಭಾವನಂಥವರು ಹೊಸ ತಾರೀಖಿನದ್ದನ್ನೇ ಹಟ ಹಿಡಿದು ಕೇಳಬೇಕು. ಅವರ ಟೈರು ಸವೆದು ಮುಗಿಯುವುದಿಲ್ಲ, ವಯಸ್ಸಾಗಿ ಮುಗಿಯುತ್ತದೆ.

ಇನ್ನೊಂದು ಅಂಗಡಿಯಲ್ಲಿ 150ರ ಅಗಲದ್ದು ಹಾಕುತ್ತೇವೆ ಅಂದರು. "ಅಗಲ ಇದ್ದಷ್ಟೂ ಒಳ್ಳೇದು ಸರ್, ನೋಡೋಕೂ ದಪ್ಪ ಕಾಣ್ಸುತ್ತೆ." ನಾನು ಬೇಡವೇ ಬೇಡ ಅಂದೆ. ರಿಮ್ಮು ಅದೇ ಇದ್ದು ಟೈರು ಮಾತ್ರ ಅಗಲವಾದರೆ ಅಂಚುಗಳು ಒಳಕ್ಕೆ ಹಿಂಡಿಕೊಂಡು ನಡುಭಾಗ ಚೂಪಾಗುತ್ತದೆ. ಕಂಪನಿಯವರು ಲೆಕ್ಕ ಹಾಕಿ ಕೊಟ್ಟ ದುಂಡು ಕೆಡುತ್ತದೆ, ಬೈಕು ವಾಲುವ ಬಗೆಯೇ ಬದಲಾಗುತ್ತದೆ. ಚೈನಿಗೋ ಮಡ್‌ಗಾರ್ಡಿಗೋ ತಾಗುವ ಅಪಾಯ ಬೇರೆ. ಬೈಕಿನ ಟೈರು ನೆಲಕ್ಕೆ ತಾಗುವುದು ಅಂಗೈಯಷ್ಟು ಜಾಗದಲ್ಲಿ. ಅದನ್ನು ಇನ್ನೆರಡು ಬೆರಳು ಅಗಲ ಮಾಡುವ ಆಸೆಗಿಂತ ಆ ಅಂಗೈ ಎಂಥ ರಬ್ಬರಿನದು ಅನ್ನುವುದು ಮುಖ್ಯ.

ಕೊನೆಗೆ ಕೆ.ಎಂ. ರಸ್ತೆಯ ಒಂದು ಚಿಕ್ಕ ಅಂಗಡಿಯಲ್ಲಿ ಸರಿಯಾದ ಅಳತೆ, ಅದೇ ವರ್ಷದ ತಾರೀಖು ಎರಡೂ ಸಿಕ್ಕವು. ಭಾವ ಬೆಂಗಳೂರಿನಿಂದ ಹಾಸನಕ್ಕೆ ನಾಲ್ಕು ಪಥದ ರಸ್ತೆಯಲ್ಲಿ ಬರುವವರು, ವರ್ಷಕ್ಕೊಮ್ಮೆ ಘಾಟಿ. ಅವರಿಗೆ ನಡುವೆ ಗಡುಸು, ಅಂಚಲ್ಲಿ ಮೆತ್ತನೆಯ ಎರಡು ರಬ್ಬರಿನ ಟೈರು ಹೊಂದುತ್ತದೆ ಅನ್ನಿಸಿತು. ಮುಂದಿನದು, ಹಿಂದಿನದು ಎರಡೂ ಒಂದೇ ಜೋಡಿ. ಮುಂದಿನ ಟೈರಿನ ಗೀರು ಆಳವಿದೆ, ಅದನ್ನು ಬಿಡೋಣ ಅಂತ ಅಂಗಡಿಯವರು ಒಮ್ಮೆ ಅಂದರು. ಭಾವನೇ ಬೇಡ ಅಂದರು. ಮುಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳುವ ಅವಕಾಶವೇ ಇರುವುದಿಲ್ಲ ಅನ್ನುವುದು ಅವರಿಗೆ ಮೊಣಕೈಯಲ್ಲೇ ಬರೆದಿತ್ತು.

ಕೆಲಸ ಮುಗಿಯುವಾಗ ಮಧ್ಯಾಹ್ನ ಎರಡು. ಮೂಡಿಗೆರೆವರೆಗೆ ಸೋನೆ ಮಳೆ, ಕಾಫಿ ತೋಟಗಳ ನಡುವೆ ಒಳ್ಳೆಯ ರಸ್ತೆ. ಈಗ ಹೊಸ ಟೈರಿನ ಮೆಲ್ಲಗಿನ ಓಟ ಭಾವನ ಸರದಿ. ನಾನು ಹಿಂದೆ ಹಿಂದೆಯೇ ಹೋದೆ. ಬಣಕಲ್ ದಾಟಿ ಕೊಟ್ಟಿಗೆಹಾರ ಸೇರುವಾಗ ಸಂಜೆಯ ಮಂಜು. ಅಲ್ಲಿನ ನೀರುದೋಸೆ ಬಿಸಿಯಾಗಿ ತಟ್ಟೆಗೆ ಬಂದಾಗ ಒಬ್ಬೊಬ್ಬರೂ ಎಂಟು ತಿಂದೆವು. ಒಲೆಯ ಹತ್ತಿರ ಕೈಗವಸು ಒಣಗಿಸಲು ಬಿಟ್ಟವರ ಹೆಸರು ಕೇಳಲಿಲ್ಲ. ಅವರ ಹೊಟ್ಟೆ ತಣ್ಣಗಿರಲಿ.

ನಾಲ್ಕನೇ ದಿನ, ಭಾನುವಾರ: ಚಾರ್ಮಾಡಿ

2019ರ ಆಗಸ್ಟಿನ ಮಳೆಯಲ್ಲಿ ಭೂಕುಸಿತವಾಗಿ ತಿಂಗಳುಗಟ್ಟಲೆ ಬಂದಾಗಿದ್ದ ಘಾಟಿ ಇದು. ಈಗಲೂ ಜಡಿಮಳೆಯ ದಿನ ಇಲ್ಲಿ ಬೆಟ್ಟದ ಕಡೆ ಒಂದು ಕಣ್ಣಿಟ್ಟೇ ಹೋಗಬೇಕು. ತಿರುವು ತಿರುವಿಗೂ ಬಂಡೆಯಿಂದ ನೀರು ಇಳಿದು ರಸ್ತೆ ದಾಟುತ್ತಿತ್ತು. ಜಲಪಾತದ ಮುಂದೆ ನಿಲ್ಲಿಸಿ ಬಂಡೆ ಹತ್ತುವವರನ್ನು ಪೊಲೀಸರು ಇಳಿಸುತ್ತಿದ್ದರು.

ಭಾವ ಅವತ್ತು ಓಡಿಸಿದ ರೀತಿಯೇ ಬೇರೆ. ತಿರುವಿನ ಮೊದಲೇ ವೇಗ ಇಳಿಸಿ, ಒಳಗೆ ಬ್ರೇಕು ಮುಟ್ಟದೆ, ಗ್ಯಾಸು, ಅಂದರೆ ಆಕ್ಸಿಲರೇಟರು, ಸ್ವಲ್ಪವೇ ಕೊಟ್ಟು ಹೊರಬರುತ್ತಿದ್ದರು. ಬಿಳಿ ಪಟ್ಟಿಯ ಮೇಲೆ ಚಕ್ರ ಇಡುತ್ತಿರಲಿಲ್ಲ. ಒದ್ದೆಯಾದ ಬಣ್ಣದ ಪಟ್ಟಿ, ಸೇತುವೆಯ ಕಬ್ಬಿಣದ ಸಂದು ಇವು ಎಷ್ಟು ಒಳ್ಳೆಯ ಟೈರನ್ನೂ ಜಾರಿಸುತ್ತವೆ. ಕೆಳಗೆ ಚಾರ್ಮಾಡಿ ಊರಲ್ಲಿ ಹೆಲ್ಮೆಟ್ ತೆಗೆದು, "ಈಗ ಗಾಡಿ ನನ್ನ ಮಾತು ಕೇಳ್ತಾ ಇದೆ" ಅಂದರು. ಮುಖ ಅರಳಿತ್ತು. ನನಗೆ ಅಷ್ಟು ಸಾಕಾಗಿತ್ತು.

ವಾಪಸ್ ಹತ್ತಿ ಕೊಟ್ಟಿಗೆಹಾರದ ಹತ್ತಿರ ಬಂದಾಗ ನನ್ನ ಹಿಂದಿನ ಚಕ್ರ ಹಾವಿನಂತೆ ಆಡಿತು. ಪಂಕ್ಚರ್. ಒಂದು ಕಿಲೋಮೀಟರ್ ತಳ್ಳಿದೆವು. ಅಂಗಡಿಯ ಅಜ್ಜ ಚಕ್ರ ಬಿಚ್ಚಿ, ಟ್ಯೂಬು ನೀರಿನಲ್ಲಿ ಮುಳುಗಿಸಿ, ಗುಳ್ಳೆ ಹುಡುಕಿ, ಟೈರಿನ ಒಳಗೆ ಬೆರಳಾಡಿಸಿ ಒಂದು ತಂತಿಯ ಚೂರು ತೆಗೆದು ನನ್ನ ಅಂಗೈಗೆ ಹಾಕಿದರು. ಬಿಸಿ ಪ್ಯಾಚ್ ಹಾಕಿ ಮುಗಿಸಲು ಮುಕ್ಕಾಲು ಗಂಟೆ. ಭಾವನ ಅಲಾಯ್ ಚಕ್ರದ ಟ್ಯೂಬ್‌ಲೆಸ್ ಟೈರಿಗಾದರೆ ಚಕ್ರ ಬಿಚ್ಚದೆ, ಬತ್ತಿ ತುರುಕಿ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಚುಚ್ಚಿದ ಮೊಳೆ ಅಲ್ಲೇ ಇದ್ದರೆ ಗಾಳಿಯೂ ನಿಧಾನವಾಗಿ ಇಳಿಯುತ್ತದೆ. ದೂರ ಹೋಗುವವರು ಬೈಕು ಕೊಳ್ಳುವಾಗಲೇ ಇದನ್ನು ಯೋಚಿಸಬೇಕು.

"ಹೊಸ ಟೈರಿಗೂ ಪಂಕ್ಚರ್ ಆಗುತ್ತಾ ಅಜ್ಜ?" ಅಂದೆ.

"ಮಳೆಗಾಲದಲ್ಲಿ ಜಾಸ್ತಿನೇ ಮಾರಾಯ. ಒದ್ದೆ ರಬ್ಬರಿಗೆ ಮೊಳೆ ಸಲೀಸಾಗಿ ಇಳಿಯುತ್ತೆ. ನಿಮ್ಮ ಟೈರು ಬೋಳಾಗಿದ್ದಿದ್ರೆ ಇಂಥ ತಂತಿ ನಾಕು ಹೊಕ್ಕಿರ್ತಿತ್ತು."

ಟ್ಯೂಬು ಕತ್ತರಿಸುವಾಗ ಚಾಕುವನ್ನು ನೀರಿನಲ್ಲಿ ಅದ್ದುತ್ತಿದ್ದರು ಅಜ್ಜ. ಅದೇ ತತ್ತ್ವ. ನೀರು ರಬ್ಬರನ್ನು ಕೊಯ್ಯಲು ಹಾದಿ ಮಾಡಿಕೊಡುತ್ತದೆ.

ಐದನೇ ದಿನ, ಸೋಮವಾರ: ಸಕಲೇಶಪುರದ ಮೇಲೆ ಮನೆಗೆ

ಮೂಡಿಗೆರೆ, ಹಾನುಬಾಳು, ಸಕಲೇಶಪುರ. ಹೇಮಾವತಿ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಸೇತುವೆ ದಾಟಿ ಚಹಾಕ್ಕೆ ನಿಂತಾಗ ಒಂದು ಹಳೇ ಬೈಕಿನಲ್ಲಿ ಇಬ್ಬರು ಹುಡುಗರು ಬಂದರು, ಶಿರಾಡಿ ಇಳಿದು ಮಂಗಳೂರಿಗೆ ಹೋಗುವವರು. ಭಾವ ಲೋಟ ಹಿಡಿದುಕೊಂಡೇ ಹೋಗಿ ಅವರ ಹಿಂದಿನ ಟೈರಿನ ಮುಂದೆ ಬಗ್ಗಿದರು. ಪಕ್ಕದಲ್ಲಿ ಸಣ್ಣ ತ್ರಿಕೋನದ ಗುರುತು ತೋರಿಸಿ, ಅದರ ನೇರಕ್ಕೆ ಗೀರಿನೊಳಗೆ ಇರುವ ಸಣ್ಣ ದಿಬ್ಬ ತೋರಿಸಿದರು. ಆ ದಿಬ್ಬ 0.8 ಮಿಲಿಮೀಟರ್ ಎತ್ತರದ್ದು. ಟೈರು ಸವೆದು ಅದರ ಮಟ್ಟಕ್ಕೆ ಬಂದರೆ ಮುಗಿಯಿತು ಅಂತ ಅರ್ಥ. ಆ ಹುಡುಗರ ಟೈರು ಆ ಮಟ್ಟಕ್ಕೆ ಬಂದುಬಿಟ್ಟಿತ್ತು. "ಇವತ್ತು ಇಲ್ಲೇ ಹಾಕಿಸ್ಕೊಳ್ರಪ್ಪ, ಸಂಜೆ ಹೋದ್ರಾಯ್ತು" ಅಂದರು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಟೈರ್ ಅಂಗಡಿ ಎಲ್ಲಿದೆ ಅಂತ ಚಹಾದವರನ್ನು ಕೇಳಿದ.

ಆಲೂರಿನಿಂದ ಈಚೆ ಬಿಸಿಲು. ನೇರ ಹೆದ್ದಾರಿ. ನನ್ನ ಮೆತ್ತನೆ ಟೈರಿನ ನಡುಭಾಗವನ್ನು ಇನ್ನು ಮುಂದೆ ದಿನಾ ತಿನ್ನುವ ರಸ್ತೆ ಇದೇ. ಅದಕ್ಕೆ ಏನೂ ಮಾಡುವಂತಿಲ್ಲ. ವಾರಕ್ಕೊಮ್ಮೆ ಗಾಳಿ, ಸುಮ್ಮನೆ ಗ್ಯಾಸು ತಿರುವದ ಕೈ, ಗಾಡಿ ನಿಲ್ಲಿಸಲು ನೆರಳು, ಇಷ್ಟು ಮಾತ್ರ ನನ್ನ ಕೈಲಿರುವುದು. ಮನೆಗೆ ಬಂದು ಪುಸ್ತಕದಲ್ಲಿ ಬರೆದಿಟ್ಟೆ: ಐದು ದಿನ, 352 ಕಿಲೋಮೀಟರ್, ಪಂಕ್ಚರ್ 1, ಹಿಂದಿನ ಟೈರಿನ ನಡುವಿನ ಗೀರು 7 ಮಿಲಿಮೀಟರ್. ಸಾವಿರ ಕಿಲೋಮೀಟರಿಗೊಮ್ಮೆ ಅಳೆಯುತ್ತೇನೆ.

ಭಾವ ಊಟ ಮಾಡಿ ಬೆಂಗಳೂರಿಗೆ ಹೊರಟರು. ರಾತ್ರಿ ಎಂಟೂವರೆಗೆ ಅಕ್ಕನ ಫೋನು.

"ಏನೋ ಆಗಿದೆ ನಿಮ್ಮ ಭಾವನಿಗೆ? ಬಂದವರು ಒಳಗೇ ಬಂದಿಲ್ಲ. ಟಾರ್ಚ್ ಹಿಡ್ಕೊಂಡು ನನ್ನ ಸ್ಕೂಟರ್ ಚಕ್ರದ ಮುಂದೆ ಕೂತಿದ್ದಾರೆ. 3118 ಅಂತ ಇದೆಯಂತೆ, ಅವನಿಗೆ ಹೇಳು ಅಂತಿದ್ದಾರೆ. ಏನದು?"

"2018, ಆಗಸ್ಟ್ ಮೊದಲ ವಾರ ಅಕ್ಕ" ಅಂದೆ. "ನಾಳೆ ಆಫೀಸಿಗೆ ಸ್ಕೂಟರ್ ತಗೊಂಡು ಹೋಗ್ಬೇಡ."